ಒಂದೇ ಒಂದು ಪ್ಯಾರಾಮೀಟರ್

ನಿನ್ನೆ ಸಂಜೆ ಬ್ಯಾಗು ಹೆಗಲಿಗೇರಿಸುವ ಹೊತ್ತಿಗೆ ಸರಿಯಾಗಿ, ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿ ಆರ್ಡರ್ ದಾಖಲಿಸುವ ನಮ್ಮ ಫಂಕ್ಷನ್ (ಹೆಸರು ಹಿಡಿದು ಕರೆದರೆ ಕೆಲಸ ಮಾಡಿಕೊಡುವ ಕೋಡಿನ ತುಣುಕು) ಕೈಕೊಟ್ಟಿತು. ಮೊನ್ನೆಯವರೆಗೆ ಅದಕ್ಕಿದ್ದದ್ದು 23 ಪ್ಯಾರಾಮೀಟರ್‌ಗಳು, ಅಂದರೆ ಕರೆಯುವಾಗ ಅಲ್ಪವಿರಾಮ ಹಾಕಿ ಸಾಲಾಗಿ ಕೊಡುವ ಮೌಲ್ಯಗಳು. 14ನೆಯದು ಯಾವುದೆಂದು ತಿಳಿಯಲು ನಾನು ಪರದೆಯ ಮೇಲೆ ಬೆರಳಿಟ್ಟು ಅಲ್ಪವಿರಾಮಗಳನ್ನು ಜಪಮಣಿಗಳಂತೆ ಎಣಿಸುತ್ತೇನೆ. ನಡುವೆ ಯಾರಾದರೂ ಕಾಫಿಗೆ ಕರೆದರೆ ಮತ್ತೆ ಒಂದರಿಂದ ಶುರು. 14ನೆಯದು ಎಸ್ಸೆಮ್ಮೆಸ್ ಕಳಿಸಬೇಕೇ ಎಂಬುದು, 15ನೆಯದು ಆರ್ಡರ್ ರದ್ದು ಮಾಡಬೇಕೇ ಎಂಬುದು. ಎರಡೂ ಬೂಲಿಯನ್ (ಹೌದು ಅಥವಾ ಅಲ್ಲ ಎಂಬಷ್ಟೇ ಉತ್ತರದವು) ಆದ್ದರಿಂದ ಅದಲುಬದಲಾದರೆ ಡೇಟಾಬೇಸ್ ಚಕಾರವೆತ್ತುವುದಿಲ್ಲ, ಗ್ರಾಹಕ ಎತ್ತುತ್ತಾನೆ. ಪ್ರತಿ ಮೌಲ್ಯವನ್ನೂ ಹೆಸರು ಹಿಡಿದೇ ಕೊಡುವ ಸೌಕರ್ಯ ಪೋಸ್ಟ್‌ಗ್ರೆಸ್‌ನಲ್ಲಿ ಉಂಟು. 23 ಹೆಸರು ಟೈಪಿಸುವ ತಾಳ್ಮೆ ನಮ್ಮಲ್ಲಿಲ್ಲ.

ಪಕ್ಕದ ಸೀಟಿನ ಸಹೋದ್ಯೋಗಿಯದು ಒಂದೇ ಮಂತ್ರ: “ಒಂದೇ ಒಂದು ಪ್ಯಾರಾಮೀಟರ್ ಸಾರ್, ಡಿಫಾಲ್ಟ್ ಕೊಟ್ಟುಬಿಡ್ತೀನಿ, ಯಾರಿಗೂ ಗೊತ್ತೇ ಆಗಲ್ಲ.” ಡಿಫಾಲ್ಟ್ ಎಂದರೆ ಕರೆಯುವವರು ಏನೂ ಕೊಡದಿದ್ದರೆ ತಾನಾಗಿ ಬಂದು ಕೂರುವ ಮೌಲ್ಯ. ಕೂಪನ್ ಬಂದಾಗ ಒಂದು, ಉಡುಗೊರೆಯ ಪೊಟ್ಟಣಕ್ಕೆ ಒಂದು, ಆ ಪೊಟ್ಟಣದ ಬಣ್ಣಕ್ಕೆ ಇನ್ನೊಂದು. ಮಾಮೂಲಿ ಪೋಸ್ಟ್‌ಗ್ರೆಸ್‌ನಲ್ಲಿ 100ರ ಮಿತಿಯಿದೆ ಎಂದು ಒಮ್ಮೆ ಹೆದರಿಸಿ ನೋಡಿದೆ. “ಹಾಗಾದ್ರೆ ಇನ್ನೂ 77 ಖಾಲಿ ಇದೆಯಲ್ಲ ಸಾರ್!” ಎಂದು, ತುಂಬಿದ ಬಸ್ಸಿನಲ್ಲಿ ‘ಒಳಗೆ ಹೋಗಿ, ಒಳಗೆ ಹೋಗಿ’ ಎನ್ನುವ ಕಂಡಕ್ಟರನ ಉತ್ಸಾಹದಲ್ಲಿ ಮುಖ ಅರಳಿಸಿದರು.

ನಿನ್ನೆ ಅವರು ಹತ್ತಿಸಿದ್ದು 24ನೆಯದನ್ನು. ‘ಕ್ರಿಯೇಟ್ ಆರ್ ರಿಪ್ಲೇಸ್’ ಎಂದು ಬರೆದರೆ ಹಳೆಯದು ತಾನಾಗಿ ಜಾಗ ಬಿಡುತ್ತದೆಂಬುದು ಅವರ ನಂಬಿಕೆ. ಆದರೆ ಪ್ಯಾರಾಮೀಟರ್‌ಗಳ ಪಟ್ಟಿ ಬೇರೆಯಾದರೆ ಪೋಸ್ಟ್‌ಗ್ರೆಸ್ ಅದನ್ನು ಬೇರೆಯೇ ಫಂಕ್ಷನ್ ಎಂದು ತಿಳಿದು, ಹಳೆಯದನ್ನು ಇದ್ದಲ್ಲೇ ಇರಗೊಡುತ್ತದೆ. 23 ಮೌಲ್ಯಗಳೊಂದಿಗೆ ಕರೆದಾಗ ಡಿಫಾಲ್ಟಿನ ಕೃಪೆಯಿಂದ ಎರಡೂ ‘ಓ’ ಎಂದವು. ಮದುವೆಮನೆಯಲ್ಲಿ ‘ಮಂಜಣ್ಣಾ’ ಎಂದು ಕೂಗಿದಂತಾಯಿತು. ಯಾರನ್ನು ಕರೆದದ್ದೆಂದು ತಿಳಿಯದ ಡೇಟಾಬೇಸ್ ಎರರ್ ಕೊಟ್ಟು ಕುಳಿತಿತು.

ಈ ಫಂಕ್ಷನ್ನಿನ ಮೊದಲ ರೂಪ ಬರೆದವನು ನಾನೇ. ಗ್ರಾಹಕ ಯಾರು, ವಸ್ತು ಯಾವುದು, ಎಷ್ಟು ಬೇಕು: ಮೂರೇ ಮಾತು, ಒಂದೇ ಸಾಲು, ಓದಿದರೆ ಅಂಗಡಿಯಲ್ಲಿ ನಿಂತು ಸಾಮಾನು ಕೇಳಿದಂತಿತ್ತು. ನಾಲ್ಕನೆಯದಾಗಿ ರಿಯಾಯಿತಿಯನ್ನು ಸೇರಿಸಿದವನೂ, ಒಪ್ಪಿಕೊಳ್ಳಬೇಕು, ನಾನೇ.

ರಾತ್ರಿ ಒಂಬತ್ತಕ್ಕೆ ಹಳೆಯದನ್ನು ಡ್ರಾಪ್ ಮಾಡಿ, ವಿಳಾಸದ ಎಂಟು, ಪಾವತಿಯ ಆರು, ಕೊಡುಗೆಗಳ ಐದು ಪ್ಯಾರಾಮೀಟರ್‌ಗಳನ್ನು ಮೂರು ಕಾಂಪೋಸಿಟ್ ಟೈಪ್‌ಗಳಾಗಿ (ಹಲವು ಮೌಲ್ಯಗಳ ಒಂದೊಂದು ಗಂಟಾಗಿ) ಕಟ್ಟಿಬಿಟ್ಟರೆ ಒಟ್ಟು ಎಂಟೇ ಉಳಿಯುತ್ತವೆಂದು ಬೋರ್ಡಿನ ಮೇಲೆ ಬರೆದು ವಿವರಿಸಿದೆ. ಅವರು ತಲೆದೂಗಿ ಕೇಳಿಸಿಕೊಂಡರು.

“ಒಳ್ಳೇ ಐಡಿಯಾ ಸಾರ್. ಆ ಮೂರನ್ನೂ ಕೊನೆಯಲ್ಲಿ 25, 26, 27 ಅಂತ ಸೇರಿಸಿಬಿಡ್ತೀನಿ.”