ಓಪನ್ ಫೈಲ್ ಯಾರದು?

"ದುಡ್ಡು ಕೊಟ್ಟಿದ್ದೇನಲ್ಲ ತಮ್ಮಾ, ಓಪನ್ ಫೈಲನ್ನೂ ಪೆನ್‌ಡ್ರೈವಿಗೆ ಹಾಕಿಬಿಡು." ದಾವಣಗೆರೆಯಲ್ಲಿ ಡಿಸೈನ್ ಕೆಲಸ ಮಾಡುವವರೆಲ್ಲ ಈ ಮಾತು ಕೇಳಿಯೇ ಇರುತ್ತಾರೆ. ಓಪನ್ ಫೈಲ್ ಎಂದರೆ ಡಿಸೈನನ್ನು ಮತ್ತೆ ತಿದ್ದಲು ಬರುವ ಮೂಲ ಫೈಲ್. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಇದೇ ಕೆಲಸದಲ್ಲಿರುವ ನಾನು ಈಗ ಒಂದು ನಿಲುವಿಗೆ ಬಂದಿದ್ದೇನೆ. ಲೋಗೋದ ಓಪನ್ ಫೈಲನ್ನು ಗಿರಾಕಿ ಕೇಳದಿದ್ದರೂ ಕೊಡಬೇಕು. ಉಳಿದ ಕೆಲಸಗಳ ಓಪನ್ ಫೈಲಿಗೆ ಬೇರೆ ಬೆಲೆ ಇರಬೇಕು, ಆ ಬೆಲೆಯನ್ನು ಕೆಲಸ ಹಿಡಿಯುವ ಮೊದಲೇ ಹೇಳಿಬಿಡಬೇಕು.

ಕೆಲವು ವರ್ಷಗಳ ಹಿಂದೆ ಒಂದು ಮಂಡಕ್ಕಿ ಪೊಟ್ಟಣದ ಡಿಸೈನ್ ಮಾಡಿದ್ದೆ. 'ಮಂಡಕ್ಕಿ' ಎಂದು ದಪ್ಪಕ್ಷರದಲ್ಲಿ ಬರೆದರೆ 'ಕ್ಕಿ'ಯ ಒತ್ತು ಕೆಳಗಿನ ಕೆಂಪು ಪಟ್ಟಿಗೆ ಬಡಿಯುತ್ತಿತ್ತು. ಅಕ್ಷರ ಸಣ್ಣದು ಮಾಡಿದರೆ ಅಂಗಡಿಯ ಹೊರಗಿನಿಂದ ಹೆಸರು ಕಾಣುತ್ತಿರಲಿಲ್ಲ. ಕೊನೆಗೆ ಇಡೀ ಪದವನ್ನು ಕರ್ವ್ ಮಾಡಿ, ಅಂದರೆ ಅಕ್ಷರಗಳನ್ನು ಬರೀ ಗೆರೆಯ ಚಿತ್ರವಾಗಿಸಿ, ಗೆರೆಯ ಮೇಲಿನ ಒಂದೊಂದೇ ನೋಡ್ (ಬಿಂದು) ಎಳೆದು, ಒತ್ತನ್ನು ಪಟ್ಟಿಯೊಳಕ್ಕೆ ಇಳಿಸಿ ಅಲ್ಲಿ ಅದಕ್ಕೆ ಬಿಳಿ ಬಣ್ಣ ಕೊಟ್ಟೆ. ಮೂರು ರಾತ್ರಿ ಹಿಡಿಯಿತು. ಯಜಮಾನರು ಒಳ್ಳೆಯವರು, ಫೈಲ್ ಕೇಳಿದರು. ಕೊಟ್ಟೆ.

ಆರು ತಿಂಗಳಾದ ಮೇಲೆ ಕಿರಾಣಿ ಅಂಗಡಿಯಲ್ಲಿ ಅದೇ ಪೊಟ್ಟಣ ನೋಡಿ ಎದೆ ಧಸಕ್ಕೆಂದಿತು. ಪೊಟ್ಟಣ ಕಿರಿದಾಗಿತ್ತು, ಡಿಸೈನನ್ನು ಅಡ್ಡಡ್ಡ ಹಿಂಡಿ ಅದರೊಳಗೆ ತುರುಕಿದ್ದರು. ಒತ್ತು ತನ್ನ ಅಕ್ಷರವನ್ನು ಬಿಟ್ಟು ಪಕ್ಕಕ್ಕೆ ಸರಿದಿತ್ತು. ಹಿಂಬದಿಯ ಮ್ಯಾಟರನ್ನು ನಾನು 'ನುಡಿ' ಎಂಬ ಕನ್ನಡ ತಂತ್ರಾಂಶದ ಫಾಂಟಿನಲ್ಲಿ ಮಾಡಿದ್ದೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡ ಬರದೆ ಯಾರೋ ಮತ್ತೆ ಟೈಪ್ ಮಾಡಿದ್ದರು, 'ತೂಕ' ಹೋಗಿ 'ತುಕ' ಆಗಿತ್ತು. ಮುಂದೆ 400 ಗ್ರಾಂ, ಹಿಂದೆ ಹಳೆಯ 500 ಗ್ರಾಂ ಹಾಗೆಯೇ ಉಳಿದಿತ್ತು. ಕೆಳಗಿನ ಮೂಲೆಯಲ್ಲಿ ನನ್ನ ಅಂಗಡಿಯ ಹೆಸರು, ನನ್ನ ಫೋನ್ ನಂಬರು. "ಯಾವ ತೂಕ ಸರಿ ಸಾರ್?" ಎಂದು ಜನ ನನಗೆ ಫೋನ್ ಮಾಡಿದರು.

ದುಡ್ಡು ಕೊಟ್ಟ ಮೇಲೆ ಎಲ್ಲವೂ ತನ್ನದೇ ಎಂದು ಗಿರಾಕಿ ನಂಬುತ್ತಾನೆ. 1957ರ ಕೃತಿಸ್ವಾಮ್ಯ ಕಾಯ್ದೆ ಹಾಗೆ ಹೇಳುವುದಿಲ್ಲ. 17ನೇ ಕಲಮಿನ ಪ್ರಕಾರ ಸಾಮಾನ್ಯವಾಗಿ ಕೃತಿ ರಚಿಸಿದವನೇ ಅದರ ಮೊದಲ ಒಡೆಯ. ಆದರೆ ಸಂಬಳಕ್ಕೆ ದುಡಿಯುವವನು ಕೆಲಸದ ಭಾಗವಾಗಿ ಮಾಡಿದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕನದು. (ಪ್ರೆಸ್ ಬಿಡುವಾಗ ಅಲ್ಲಿನ ಫೈಲುಗಳನ್ನೆಲ್ಲ ಪೆನ್‌ಡ್ರೈವಿಗೆ ತುಂಬಿಕೊಂಡು ಹೋಗುವ ಹುಡುಗರು ಇದನ್ನು ತಿಳಿದಿರಲಿ.) ಹಕ್ಕನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬೇಕಾದರೆ 19ನೇ ಕಲಮಿನಂತೆ ಬರಹದಲ್ಲಿ ಸಹಿ ಹಾಕಬೇಕು. ಅವಧಿ ಬರೆಯದಿದ್ದರೆ ಅದು 5 ವರ್ಷಕ್ಕೆ ಮಾತ್ರ.

ಆದರೆ ಹಕ್ಕು ಬೇರೆ, ಫೈಲ್ ಬೇರೆ. ಹಣ ಕೊಟ್ಟು ತೆಗೆಸಿಕೊಂಡ ಫೋಟೋದ ಹಕ್ಕು, ಬೇರೆ ಮಾತಾಗಿರದಿದ್ದರೆ, ತೆಗೆಸಿಕೊಂಡವರದೇ ಎಂದು ಅದೇ 17ನೇ ಕಲಮು ಹೇಳುತ್ತದೆ. ಹಾಗಿದ್ದರೂ ರೀಲಿನ ಕಾಲದಲ್ಲಿ ಮದುವೆಯ ನೆಗೆಟಿವ್‌ಗಳು ಸ್ಟುಡಿಯೋದ ಡಬ್ಬಿಯಲ್ಲೇ ಇರುತ್ತಿದ್ದವು. ಇನ್ನೊಂದು ಪ್ರತಿ ಬೇಕಾದರೆ ಅಲ್ಲಿಗೇ ಹೋಗುತ್ತಿದ್ದೆವು.

ನಾನು ಕೆಲಸ ಕಲಿತ ಹಳೆಯ ಮುದ್ರಣಾಲಯದಲ್ಲಿ ಇದಕ್ಕೆ ಸರಳವಾದ ಲೆಕ್ಕವಿತ್ತು. ಅಚ್ಚುಮೊಳೆಗಳು, ಅಂದರೆ ಬಿಡಿ ಅಕ್ಷರದ ಅಚ್ಚುಗಳು, ಪ್ರೆಸ್ಸಿನವು, ಕರಪತ್ರ ಅಚ್ಚಾದ ಮೇಲೆ ಮೊಳೆಗಳು ಬಿಚ್ಚಿ ಮತ್ತೆ ಕೇಸಿನ ಖಾನೆಗಳಿಗೆ ಸೇರುತ್ತಿದ್ದವು, ಅವನ್ನು ಯಾವ ಗಿರಾಕಿಯೂ ಕೇಳುತ್ತಿರಲಿಲ್ಲ. ಅಂಗಡಿಯ ಗುರುತನ್ನು ಅಚ್ಚೊತ್ತಲು ಮಾಡಿಸಿದ ಬ್ಲಾಕಿಗೆ ಮಾತ್ರ ಬೇರೆ ಚಾರ್ಜು. ಅದು ಗಿರಾಕಿಯ ಸೊತ್ತು, ಕಾಗದದಲ್ಲಿ ಸುತ್ತಿ ಕೈಗೆ ಕೊಟ್ಟು ಕಳುಹಿಸುತ್ತಿದ್ದೆವು. ನನ್ನ ಪಾಲಿಗೆ ಲೋಗೋ ಎಂದರೆ ಆ ಬ್ಲಾಕು. ಲೇಔಟು, ಲೇಯರುಗಳು, ನಾನು ಹಣ ಕೊಟ್ಟು ಕೊಂಡ ಫಾಂಟುಗಳು ಅಚ್ಚುಮೊಳೆ. ಫಾಂಟಿನ ಲೈಸೆನ್ಸಂತೂ ನನ್ನ ಹೆಸರಿನಲ್ಲಿದೆ, ಅದನ್ನು ಇನ್ನೊಬ್ಬರಿಗೆ ದಾಟಿಸುವ ಅಧಿಕಾರ ನನಗೇ ಇಲ್ಲ.

ಲೋಗೋ ವಿಷಯದಲ್ಲಿ ನಾನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣವಿದೆ. 2021ರಲ್ಲಿ ಕೋವಿಡ್ ಎರಡನೇ ಅಲೆಯಲ್ಲಿ ನಮ್ಮ ಕಸುಬಿನ ಗೆಳೆಯನೊಬ್ಬ ಹೋಗಿಬಿಟ್ಟ. ಅವನ ಕಂಪ್ಯೂಟರಿನ ಪಾಸ್‌ವರ್ಡ್ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವನು ಲಾಂಛನ ಮಾಡಿಕೊಟ್ಟಿದ್ದ ಶಾಲೆಯೊಂದರ ಮೇಷ್ಟರು ಹಳೆಯ ಆಮಂತ್ರಣ ಪತ್ರಿಕೆ ಹಿಡಿದುಕೊಂಡು ನನ್ನ ಬಳಿ ಬಂದರು. ಉಗುರಿನಷ್ಟು ದೊಡ್ಡದಿದ್ದ ಆ ದೀಪದ ಚಿತ್ರವನ್ನು ಸ್ಕ್ಯಾನ್ ಮಾಡಿ, ಅದರ ಮೇಲೆ ಗೆರೆ ಎಳೆಯುತ್ತಾ ಕುಳಿತಾಗ ಕೈ ಓಡಲಿಲ್ಲ. ಜ್ವಾಲೆಯ ಬಾಗು ಅವನ ಕೈಯದು, ನನಗೆ ಅದು ಬರಲೇ ಇಲ್ಲ. ಆ ಫೈಲಿನ ಒಂದು ಪ್ರತಿ ಶಾಲೆಯ ಬೀರುವಿನಲ್ಲಿದ್ದಿದ್ದರೆ ಅವನ ಗೆರೆ ಇಂದಿಗೂ ಅವನದಾಗಿಯೇ ಉಳಿಯುತ್ತಿತ್ತು.

ಹಾಗೆಂದೇ, ಬಾಕಿ ವಸೂಲಿಗೆ ಲೋಗೋ ಫೈಲನ್ನು ಬಿಗಿಹಿಡಿದು ಕೂರುವ ನಮ್ಮವರ ಮೇಲೆ ನನಗೆ ಸಿಟ್ಟು ಬರುತ್ತದೆ. ಬಾಕಿ ಬೇಡವೆಂದು ಹೇಳುತ್ತಿಲ್ಲ. ಅರ್ಧ ಹಣ ಮುಂಗಡ ತೆಗೆದುಕೊಳ್ಳಿ, ಪೂರ್ತಿ ಬಂದ ಮೇಲೆಯೇ ಫೈಲ್ ಕೊಡಿ, ಆದರೆ ಈ ಮಾತು ಮೊದಲ ದಿನವೇ ಆಗಲಿ.

ನನ್ನ ಎಸ್ಟಿಮೇಟಿನ ಕೆಳಗೆ ಈಗ ಎರಡು ಸಾಲು ಇರುತ್ತವೆ (ಸಿಡಿಆರ್ ಎಂದರೆ ಕೋರೆಲ್‌ಡ್ರಾ ತಂತ್ರಾಂಶದ ಓಪನ್ ಫೈಲ್). "ಲೋಗೋ: ಕರ್ವ್ ಮಾಡಿದ ಸಿಡಿಆರ್ ಮತ್ತು ಪಿಡಿಎಫ್ ಇದೇ ದರದಲ್ಲಿ. ಪೊಟ್ಟಣ, ಪುಸ್ತಕ, ಕ್ಯಾಟಲಾಗ್: ಮುದ್ರಣಕ್ಕೆ ಸಿದ್ಧ ಪಿಡಿಎಫ್ ಮಾತ್ರ, ಓಪನ್ ಫೈಲ್ ಬೇಕಾದರೆ ಬೇರೆ ದರ, ಫಾಂಟ್ ಸೇರಿಲ್ಲ, ನಮ್ಮ ಹೆಸರು ತೆಗೆದು ಕೊಡಲಾಗುವುದು." ಮಂಡಕ್ಕಿ ಯಜಮಾನರು ಹೋದ ತಿಂಗಳು ಹೊಸ ಪೊಟ್ಟಣ ಮಾಡಿಸಲು ಬಂದಿದ್ದರು. ಆ ಸಾಲುಗಳನ್ನು ಎರಡು ಸಲ ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಿಡಿಎಫ್ ಸಾಕು ತಮ್ಮಾ, ತಿದ್ದುವುದಿದ್ದರೆ ನಿನ್ನ ಹತ್ತಿರವೇ ಬರುತ್ತೇನೆ" ಎಂದು ಮುಂಗಡ ಎಣಿಸಿದರು.