ಟಕ್ ಅಂದದ್ದು ಹೋಯ್ತು, ಕುಕ್ಕರ್ ಉಳೀತು

"ಸಾರ್, ಎಲ್ಲಾ ಟ್ರ್ಯಾಕೂ ಕ್ಲೀನ್ ಮಾಡಿದೀನಿ. ಒಂದ್ಸಲ ಹೆಡ್‌ಫೋನ್ ಹಾಕ್ಕೊಂಡು ಕೇಳಿ."

ಆಲ್ಬಮ್ಮಿನ ರೆಕಾರ್ಡಿಂಗ್ ಹದಮಾಡುವ ಮಿಕ್ಸಿಂಗ್ ಹುಡುಗನಿಂದ ಬೆಳಬೆಳಗ್ಗೆ ಈ ಮೆಸೇಜ್ ಬಂತೆಂದರೆ ಕಾಫಿ ಗಂಟಲಲ್ಲೇ ನಿಲ್ಲುತ್ತದೆ. ಹುಡುಗನಿಗೆ ಕೆಲಸ ಬರುವುದಿಲ್ಲ ಅಂತಲ್ಲ. ಅವನಿಗೆ ಕ್ಲೀನ್ ಮಾಡುವ ಚಟ. ಯುಗಾದಿಗೆ ಮುಂಚೆ ಅಟ್ಟ ಹತ್ತಿದವರು "ಇದು ಬೇಕಾ?" ಅಂತ ಒಂದು ಮಾತು ಕೇಳದೆ ಕೆಳಕ್ಕೆ ಎಸೆಯುತ್ತಾರಲ್ಲ, ಹಾಗೆ. ಹಾಡುವುದು ಒಂದು, ಮೃದಂಗ ಒಂದು ಇರುವ ಕಡೆ ಈ ಚಟ ನಡೆದೀತು. ಜಾಝ್, ಸ್ಪೇನಿನ ಫ್ಲಮೆಂಕೊ, ಆಫ್ರಿಕಾದ ತಾಳ ಮೂರನ್ನೂ ಕೂಡಿಸಿ, ಯಾವ ಕಂಪನಿಯ ಹಂಗೂ ಇಲ್ಲದೆ ಸ್ವಂತ ದುಡ್ಡಲ್ಲಿ ಆಲ್ಬಮ್ ಮಾಡುವವರ ಮನೆಯಲ್ಲಿ ನಡೆಯುವುದಿಲ್ಲ. ಈ ಮೂರರ ಅರ್ಧ ಜೀವ ಇರುವುದೇ ಗಲಾಟೆಯಲ್ಲಿ.

ಫ್ಲಮೆಂಕೊ ಗಿಟಾರ್ ತಗೊಳ್ಳಿ. ತಂತಿ ಮೀಟುತ್ತಲೇ ಉಂಗುರದ ಬೆರಳಿನಿಂದ ಹಲಗೆಗೆ ಟಕ್ ಅಂತ ಹೊಡೆಯುತ್ತಾರೆ. ಅದರ ಹೆಸರು ಗೋಲ್ಪೆ. ಉಗುರು ತಾಗಿ ಮರ ಹಾಳಾಗದಿರಲಿ ಅಂತ ಅಲ್ಲೊಂದು ತೆಳು ಪ್ಲಾಸ್ಟಿಕ್ ಹಾಳೆಯನ್ನೇ ಅಂಟಿಸಿರುತ್ತಾರೆ, ಅಂದರೆ ಹೊಡೆಯುವುದು ಗ್ಯಾರಂಟಿ. ನಮ್ಮ ಹುಡುಗನ ಕಿವಿಗೆ ಅದು ಕೊರಿಯರ್‌ನವನು ಬಾಗಿಲು ಬಡಿದದ್ದು. ತೆಗೆದ. ಜಾಝ್ ಡ್ರಮ್ಮಿನ ಮೇಲೆ ಬ್ರಷ್ ಆಡಿಸಿದ ಸುಯ್ ಸುಯ್ ಫ್ಯಾನಿನ ಸದ್ದು. ತೆಗೆದ.

ಹೊಟ್ಟೆ ಉರಿಯುವುದು ಎಂಬೀರಾ ವಿಷಯಕ್ಕೆ. ಜಿಂಬಾಬ್ವೆಯ ಶೋನಾ ಜನರ ವಾದ್ಯ ಅದು. ಮರದ ಹಲಗೆ, ಮೇಲೆ ಸಾಲಾಗಿ ಕಬ್ಬಿಣದ ಪಟ್ಟಿಗಳು, ಬಾರಿಸುವುದು ಹೆಬ್ಬೆರಳಲ್ಲಿ, ತೋರುಬೆರಳಲ್ಲಿ. ಹಲಗೆಗೆ ಬೇಕೆಂತಲೇ ಕಪ್ಪೆಚಿಪ್ಪೋ ಸೋಡಾ ಬಾಟಲಿ ಮುಚ್ಚಳವೋ ಸಡಿಲವಾಗಿ ಸಿಕ್ಕಿಸಿರುತ್ತಾರೆ. ಪ್ರತಿ ಸ್ವರಕ್ಕೂ ಅವು ಝರ್ರ್ ಅನ್ನಬೇಕು. ಹುಡುಗ ಮೂರು ರಾತ್ರಿ ಕೂತು, ಪ್ರತಿ ಸ್ವರವನ್ನೂ ಬಿಡಿಸಿ, ಆ ಝರ್ರನ್ನು ಹೇನು ಹೆಕ್ಕಿದ ಹಾಗೆ ಹೆಕ್ಕಿದ್ದಾನೆ. "ಸಾರ್, ಇನ್‌ಸ್ಟ್ರುಮೆಂಟ್ ಎಲ್ಲೋ ಲೂಸ್ ಆಗಿದೆ, ರಿಪೇರಿ ಮಾಡ್ಸಿ" ಅನ್ನುವ ಬುದ್ಧಿಮಾತು ಬೇರೆ. ಉಳಿದದ್ದು ಮಕ್ಕಳ ತೊಟ್ಟಿಲ ಮೇಲೆ ತೂಗುಹಾಕುವ ಆಟಿಕೆಯ ಟಿಣ್ ಟಿಣ್. ಇವನ ಕೈಗೆ ತಂಬೂರಿ ಕೊಟ್ಟರೆ ತಂತಿ ಝೇಂಕರಿಸಲೆಂದೇ ಇಟ್ಟ ಜೀವಾಳದ ದಾರವನ್ನೇ ಕಿತ್ತು "ಕ್ಲೀನ್ ಆಯ್ತು ಸಾರ್" ಅಂದಾನು. ಹಾಗಂತ ಹೇಳಿದ್ದೂ ಆಯಿತು. "ಜೀವಾಳ ಅಂದ್ರೆ ಪ್ಲಗಿನ್ನಾ ಸಾರ್?"

ತಪ್ಪು ಪೂರ್ತಿ ಅವನದೂ ಅಲ್ಲ. ಗದ್ದಲ ತೆಗೆಯುವ ಎಷ್ಟೋ ಡಿನಾಯ್ಸ್ ಸಾಫ್ಟ್‌ವೇರಿಗೆ ಮೊದಲು ಬರೀ ಗದ್ದಲ ಇರುವ ತುಣುಕು ತೋರಿಸಬೇಕು, ಅದನ್ನು ನೋಡಿಕೊಂಡು ಉಳಿದ ಕಡೆ ಅಂಥದ್ದನ್ನೆಲ್ಲ ಅಳಿಸುತ್ತದೆ. ಬ್ರಷ್ ಹಾಡಿನುದ್ದಕ್ಕೂ ಆಡುತ್ತಲೇ ಇದ್ದರೆ ಖಾಲಿ ತುಣುಕು ಎಲ್ಲಿಂದ ಬರಬೇಕು? ಅದು ಬ್ರಷ್ಷನ್ನೇ ಗದ್ದಲ ಅಂತ ಕಲಿಯುತ್ತದೆ. ಟಿಕ್ ಟಿಕ್ ಸದ್ದು ಅಳಿಸುವ ಡಿಕ್ಲಿಕ್ಕಿಗೆ ಗೋಲ್ಪೆಯೂ ಒಂದೇ, ಗೀರು ಬಿದ್ದ ರೆಕಾರ್ಡೂ ಒಂದೇ. ಅದಕ್ಕೇ ಪ್ರತಿ ಟೇಕಿಗೆ ಮುಂಚೆ ಎಲ್ಲರೂ ಉಸಿರು ಬಿಗಿಹಿಡಿದು 10 ಸೆಕೆಂಡು ಖಾಲಿ ಕೋಣೆಯನ್ನು ರೆಕಾರ್ಡ್ ಮಾಡಿಕೊಳ್ಳಬೇಕು.

ಬೆಂಗಳೂರಲ್ಲಿ 10 ಸೆಕೆಂಡು ಖಾಲಿ ಕೋಣೆ. ಬರೆಯುವುದು ಸುಲಭ.

ಏಳಕ್ಕೆ ಕಸದ ಗಾಡಿ ಹಾಡುತ್ತಾ ಬರುತ್ತದೆ. ಒಂಬತ್ತಕ್ಕೆ ಈರುಳ್ಳಿಯವನ ಸ್ಪೀಕರ್. ಹತ್ತಕ್ಕೆ ಎದುರು ಸೈಟಿನಲ್ಲಿ ಟೈಲ್ಸ್ ಕೊಯ್ಯುವ ಯಂತ್ರ. ಬೋರ್‌ವೆಲ್ ಲಾರಿ ಬಂದ ದಿನ ಗಿಟಾರ್ ಪೆಟ್ಟಿಗೆಗೆ ಹಾಕಿ ಮಲಗುವುದೇ ವಾಸಿ. ಕರೆಂಟ್ ಹೋದರೆ ಇನ್ವರ್ಟರ್ ಗುಂಯ್ ಶುರು. ಆಗ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ನಡೆಸಿದರೆ ಸ್ವಲ್ಪ ತಗ್ಗುತ್ತದೆ. ಫ್ರಿಜ್ ಆರಿಸಬೇಕು, ಆರಿಸಿದವರು ಸ್ಕೂಟರ್ ಕೀಲಿಯನ್ನು ಫ್ರಿಜ್ ಒಳಗೇ ಇಡಬೇಕು. ಇಲ್ಲದಿದ್ದರೆ ಹಾಕಲು ಮರೆತು, ಮಾರನೇ ದಿನ ದೋಸೆ ಹಿಟ್ಟು ಉಕ್ಕಿರುತ್ತದೆ. ಮೈಕನ್ನು ಗಿಟಾರಿನ ಬಾಯಿಗೆ ನೇರ ಇಟ್ಟರೆ ಡಬ್ಬದೊಳಗಿಂದ ಬಂದ ಹಾಗೆ ಗುಡುಗುತ್ತದೆ. ಕುತ್ತಿಗೆ ಹೊಟ್ಟೆಗೆ ಸೇರುವ 12ನೇ ಫ್ರೆಟ್ ಕಡೆಗೆ ತಿರುಗಿಸಿ ಒಂದು ಗೇಣು ದೂರ ಇಡಿ. ಬೆನ್ನ ಹಿಂದೆ ದಪ್ಪ ರಜಾಯಿ. ಮದುವೆ ರೇಷ್ಮೆ ಸೀರೆಗಳಿರುವ ಬೀರು ಬಾಗಿಲು ತೆರೆದಿಟ್ಟರೆ ಇನ್ನೂ ಒಳ್ಳೆಯದು, ಯಜಮಾನಿತಿ ಒಪ್ಪಿದರೆ.

ಇನ್ನು ಚಪ್ಪಾಳೆ. ಫ್ಲಮೆಂಕೊದಲ್ಲಿ ಚಪ್ಪಾಳೆ ಒಂದು ವಾದ್ಯ, ಹೆಸರು ಪಾಲ್ಮಾಸ್. ಅಂಗೈ ಬೋಗುಣಿ ಮಾಡಿ ತಟ್ಟಿದರೆ ಮಂದ, ಬೆರಳನ್ನು ಅಂಗೈಗೆ ಹೊಡೆದರೆ ಚುರುಕು. ಮೈಕ್ ಒಂದೂವರೆ ಮೀಟರ್ ಆಚೆ ಇರಬೇಕು, ಹತ್ತಿರ ಬಂದರೆ ಶಬ್ದ ಒಡೆಯುತ್ತದೆ. ಬುಲೇರಿಯಾಸ್ ಎಂಬ ಫ್ಲಮೆಂಕೊ ಶೈಲಿಯ ಆವರ್ತ 12 ಮಾತ್ರೆ, ಎಣಿಕೆ ಶುರುವಾಗುವುದೂ 12ರಿಂದ: 12, 3, 6, 8, 10ಕ್ಕೆ ಒತ್ತು. ನಮ್ಮ ಬಾಯಲ್ಲಿ ತಕಿಟ ತಕಿಟ ತಕ ತಕ ತಕ. ಇಷ್ಟು ಹೇಳಿಕೊಟ್ಟರೆ ಖಂಜಿರದವರು ಎರಡು ನಿಮಿಷದಲ್ಲಿ ಹಿಡಿಯುತ್ತಾರೆ. ಕಂಪ್ಯೂಟರಿನಲ್ಲಿ ತಾಳ ಕುಟ್ಟುವ ಕ್ಲಿಕ್ ಮಾತ್ರ ಹಿಡಿಯುವುದಿಲ್ಲ. 12/8 ತಾಳ ಅಂದರೆ ಅದು 1, 4, 7, 10ಕ್ಕೇ ಕುಟ್ಟುತ್ತದೆ. ಅದನ್ನು ಆರಿಸಿ, ಆ ಐದು ಒತ್ತನ್ನು ನೀವೇ ಒಂದು ಟ್ರ್ಯಾಕಿನಲ್ಲಿ ಇಟ್ಟುಕೊಳ್ಳಿ. ಆದರೂ ನಾಲ್ಕು ಜನ ತಟ್ಟುವಾಗ ಒಬ್ಬ ಗೆಳೆಯ ಇದ್ದೇ ಇರುತ್ತಾನೆ. ಪಲುಕು ಮುಗಿಯುವ ಜಾಗ 10, ಸರಿಯಾಗಿ ಅಲ್ಲೇ ಕೈ ಕಟ್ಟಿಕೊಂಡು, ತಂತಿಯ ನಾದ ಇನ್ನೂ ಗಾಳಿಯಲ್ಲಿರುವಾಗ "ಆಯ್ತಾ?" ಅನ್ನುತ್ತಾನೆ.

ಇದೆಲ್ಲ ಹೊಸ ಹುಚ್ಚು ಅಂತ ಮೂಗು ಮುರಿಯುವವರಿಗೆ ಕಹೋನ್ ತೋರಿಸಬೇಕು. ಕೂತುಕೊಂಡೇ ಬಾರಿಸುವ ಆ ಮರದ ಪೆಟ್ಟಿಗೆ, ಆಫ್ರಿಕಾದಿಂದ ಗುಲಾಮರಾಗಿ ಪೆರುವಿಗೆ ಬಂದವರು ಹುಟ್ಟಿಸಿದ್ದು. 1970ರ ದಶಕದ ಕೊನೆಗೆ ಫ್ಲಮೆಂಕೊ ಗಿಟಾರ್ ವಾದಕ ಪಾಕೊ ದೆ ಲೂಸಿಯಾ ಅದನ್ನು ಸ್ಪೇನಿಗೆ ಒಯ್ದರು, ಈಗ ಫ್ಲಮೆಂಕೊ ಅಂದರೆ ಅದಿಲ್ಲದೆ ಇಲ್ಲ. ನಮ್ಮೂರಿನದೇ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನವರು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜತೆ ಸೇರಿ ಮಾಡಿದ 'ಜ್ಯೋತಿ' ಆಲ್ಬಮ್ ಬಂದದ್ದು 1983ರಲ್ಲಿ. ಆದರೂ ಇವತ್ತು ಆಲ್ಬಮ್ ಅಪ್‌ಲೋಡ್ ಮಾಡುವಾಗ ಮುಖ್ಯ ಪ್ರಕಾರ ಅಂತ ಒಂದನ್ನೇ ಆರಿಸಬೇಕು. ಕೊನೆಗೆ 'ವರ್ಲ್ಡ್' ಒತ್ತುತ್ತೀರಿ. ಅದೂ 1987ರಲ್ಲಿ ಲಂಡನ್ನಿನ ಒಂದು ಪಬ್ಬಿನಲ್ಲಿ ರೆಕಾರ್ಡ್ ಕಂಪನಿಯವರು ಕೂತು, ಅಂಗಡಿ ಕಪಾಟಿಗೊಂದು ಚೀಟಿ ಬೇಕಲ್ಲ ಅಂತ ಗೊತ್ತುಮಾಡಿದ ಹೆಸರು.

2020ರ ಲಾಕ್‌ಡೌನಿನಲ್ಲಿ ಒಂದಷ್ಟು ದಿನ ಈ ಊರು ಸುಮ್ಮನಿತ್ತು. ಮಧ್ಯಾಹ್ನ ಎರಡಕ್ಕೆ ಕಿಟಕಿ ತೆರೆದು ರೆಕಾರ್ಡ್ ಮಾಡಿದರೂ ಆಚೆ ಹೊಂಗೆ ಎಲೆ ಅಲ್ಲಾಡಿದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಆದರೆ ಗಿಟಾರ್ ಜಯನಗರದಲ್ಲಿ, ಡ್ರಮ್ಮು ಕಮ್ಮನಹಳ್ಳಿಯಲ್ಲಿ, ಆಫ್ರಿಕಾದ ಜೆಂಬೆ ಡೋಲು ಹಾಸನದ ಮಾವನ ಮನೆಯಲ್ಲಿ. ಅಷ್ಟು ಶುದ್ಧವಾದ ಫೈಲುಗಳು ಆಮೇಲೆ ಸಿಕ್ಕಿಲ್ಲ. ಯಾರ ಕಣ್ಣೂ ಯಾರ ಕಣ್ಣನ್ನೂ ನೋಡಿ ಬಾರಿಸಿದ್ದಲ್ಲ ಅಂತ ಕೇಳಿದರೆ ಗೊತ್ತಾಗುತ್ತದೆ.

ಇರಲಿ, ಕ್ಲೀನ್ ಆಗಿ ಬಂದ ಆ ಫೈಲಿಗೆ ವಾಪಸ್ ಬರೋಣ. ಗೋಲ್ಪೆ ಇಲ್ಲ, ಬ್ರಷ್ ಇಲ್ಲ, ಝರ್ರ್ ಇಲ್ಲ. ಮೂರನೇ ನಿಮಿಷದಲ್ಲಿ ಮಾತ್ರ ಪಕ್ಕದ ಮನೆ ಕುಕ್ಕರ್ ಕೂಗಿದ್ದು ಸ್ವಚ್ಛವಾಗಿ, ರಿವರ್ಬ್ ಎಂಬ ಪ್ರತಿಧ್ವನಿ ಸಮೇತ ಉಳಿದಿದೆ. "ಅದ್ಯಾಕಪ್ಪಾ ಬಿಟ್ಟೆ?" ಅಂದರೆ, "ಫ್ಲೂಟ್ ಅಲ್ವಾ ಸಾರ್ ಅದು? ಸ್ವಲ್ಪ ಮುಂದಕ್ಕೆ ತಂದಿದೀನಿ."

ರೇಗಿ ಇನ್ನೊಮ್ಮೆ ಹಾಕಿ, ಎಣಿಸಿ ನೋಡಿದರೆ ವಿಷಲ್ ಬಿದ್ದಿರುವುದು ಸರಿಯಾಗಿ 10ಕ್ಕೆ. ಅದರ ಹಿಂದೆಯೇ, ಸಣ್ಣಗೆ, "ಆಯ್ತಾ?"