ಸ್ಪಷ್ಟನೆ: ಒಳಗೊಳ್ಳುವಿಕೆ ಎಂದರೆ ಪರೀಕ್ಷೆಯಲ್ಲಿ ರಿಯಾಯಿತಿಯಲ್ಲ

ವೈದ್ಯಕೀಯ ಕಾಲೇಜುಗಳು ವೈವಿಧ್ಯ ಮತ್ತು ಒಳಗೊಳ್ಳುವಿಕೆಗೆ, ಅಂದರೆ ಎಲ್ಲ ಹಿನ್ನೆಲೆಯವರಿಗೂ ಅವಕಾಶ ಮತ್ತು ಗಮನ ಸಿಗುವಂತೆ ಮಾಡುವುದಕ್ಕೆ, ಒತ್ತು ನೀಡಿದರೆ ಅರ್ಹತೆಯಿಲ್ಲದವರೂ ವೈದ್ಯರಾಗುತ್ತಾರೆ ಎಂಬ ಸಂದೇಶವೊಂದು ಹರಿದಾಡುತ್ತಿದ್ದು, ಅದು ತಪ್ಪು ತಿಳಿವಳಿಕೆಯಿಂದ ಕೂಡಿದೆ. ಇಂಥ ಕ್ರಮಗಳು ಪ್ರವೇಶ, ಬೋಧನೆ ಮತ್ತು ಕಲಿಕೆಯ ವಾತಾವರಣಕ್ಕೆ ಸಂಬಂಧಿಸಿದವು. ಪದವಿಗೆ ಬೇಕಾದ ಪರೀಕ್ಷೆಗಳಲ್ಲಿ ಯಾವ ಹಿನ್ನೆಲೆಯ ವಿದ್ಯಾರ್ಥಿಯೂ ಉತ್ತೀರ್ಣರಾಗಲೇಬೇಕು.

ಪಾಠದಲ್ಲಿ ಏನಿರಬೇಕು ಎಂಬುದೂ ಒಳಗೊಳ್ಳುವಿಕೆಯ ಪ್ರಶ್ನೆಯೇ ಆಗಿದ್ದು, ನನ್ನ ದೃಷ್ಟಿಯಲ್ಲಿ ಅತ್ಯಂತ ಮಹತ್ವದ ಈ ಭಾಗವನ್ನು ಸಂದೇಶವು ಪೂರ್ತಿಯಾಗಿ ಕೈಬಿಟ್ಟಿದೆ. ಉದಾಹರಣೆಗೆ, ರಕ್ತದಲ್ಲಿನ ಆಮ್ಲಜನಕ ಅಳೆಯಲು ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ ಗುರುತಿಸದೆ ಬಿಟ್ಟ ಆಮ್ಲಜನಕದ ಕೊರತೆಯು ಬಿಳಿಯ ರೋಗಿಗಳಿಗಿಂತ ಕಪ್ಪು ವರ್ಣೀಯ ರೋಗಿಗಳಲ್ಲಿ ಸುಮಾರು 3 ಪಟ್ಟು ಹೆಚ್ಚಾಗಿತ್ತೆಂದು ಅಮೆರಿಕದಲ್ಲಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಬಿಳಿ ಚರ್ಮದ ಚಿತ್ರಗಳನ್ನಷ್ಟೇ ನೋಡಿ ಕಲಿತ ವಿದ್ಯಾರ್ಥಿಗೆ, ಕಪ್ಪು ಚರ್ಮದ ಮೇಲೆ ಉರಿಯೂತದ ಕೆಂಪು ಬಣ್ಣವು ನೇರಳೆ ಅಥವಾ ಕಂದು ಛಾಯೆಯಾಗಿ ಕಾಣಬಹುದೆಂಬುದೇ ಹೊಳೆಯದೆ, ರೋಗ ಪತ್ತೆಯಾಗುವುದು ತಡವಾಗಬಹುದು.